ಸುಣ್ಣ ಕುಡಿದ ಹಂದಿಗಳು

ಹಂದಿಯ ಮೇಲ್ದವಡೆಗೆ ಹಗ್ಗದ ಕುಣಿಕೆ ಹಾಕಿ ಬಿಗಿದರೆ ಅದು ಹಿಂದಕ್ಕೆ ಜಗ್ಗುತ್ತದೆಯೇ ಹೊರತು ಮುಂದಕ್ಕೆ ನುಗ್ಗುವುದಿಲ್ಲ. ಹಂದಿ ಹಿಡಿಯುವ ವಿದ್ಯೆ ಇಷ್ಟೇ. ಆದರೆ ಆಗ ಅದು ಹಾಕುವ ಕೂಗು ಕೇಳಿದವರಿಗೆ ‘ಇದು ಚಿಕಿತ್ಸೆ’ ಎಂದು ಹೇಳಿ ನಂಬಿಸಲು ದೇವರಿಂದಲೂ ಆಗದು. ಮೊದಲ ದಿನ ನಾನು ಹೆಣ್ಣು ಹಂದಿಯೊಂದರ ಕಿವಿಯೊಳಗೆ ರಕ್ತ ಜಿನುಗುವವರೆಗೆ ಚರ್ಮ ಕೆರೆದು ಬಾಟಲಿಗೆ ತುಂಬುತ್ತಿದ್ದಾಗ ಅರ್ಧ ಓಣಿ ಗೋಡೆಯ ಮೇಲೆ ಕತ್ತು ಚಾಚಿ ನಿಂತಿತ್ತು.

‘ಏನ್ರಿ ಮೇಡಂರ, ಕೊಲ್ಲಾಕತ್ತೀರೇನು? ಕೊಂದಬಿಡ್ರಿ, ಚಲೋ ಆಕ್ಕತಿ. ನಮ್ಮ ಎಮ್ಮಿ ಉಳೀತಾವು’ ಎಂದವರು ಪಕ್ಕದ ಹಿತ್ತಿಲಿನ ಯಜಮಾನರು. ನಾಲ್ಕಾರು ಎಮ್ಮೆ ಕಟ್ಟಿದ್ದ, ಊರಿನಲ್ಲಿ ಮಾತು ನಡೆಯುವ ಮನುಷ್ಯ.

‘ಕೊಲ್ಲೂದಾಗಿದ್ರ ಇಷ್ಟ ಕಷ್ಟ ಯಾಕ ಪಡಲಿ? ಸುಮ್ನ ನಿಂದರ್ರಿ’ ಎಂದೆ. ನಾನು ಹುಟ್ಟಿದ್ದು ನರಗುಂದದಲ್ಲಿ. ಬಂಡಾಯದ ಊರಿನವಳಿಗೆ ಬಾಯಿ ಜೋರು ಎಂದು ರೋಣದ ನಮ್ಮ ಪಶು ದವಾಖಾನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ದನದ ಡಾಕ್ಟರಿಗೆ ಮೆತ್ತನೆಯ ಬಾಯಿ ಇದ್ದರೆ ಕೆಲಸ ಸಾಗುವುದಿಲ್ಲ.

ಊರು ಅಬ್ಬಿಗೇರಿಯಿಂದ ಆಚೆ. ಹೆಸರು ಬೇಡ. ಹಂದಿಗಳು ಒಬ್ಬ ಹೆಂಗಸಿನವು. ಗಂಡನಿದ್ದ, ಆದರೆ ಹಂದಿಗಳ ಹಸಿವು, ಬಾಯಾರಿಕೆ, ಬಾಣಂತನ ಎಲ್ಲ ಅವಳದೇ. ಅವಳ ತವರು ಹೊಳೆಯ ಕಡೆ, ಮೆಣಸಗಿಯ ಆಸುಪಾಸು. ಅಲ್ಲಿ ಎಮ್ಮೆ ಸಾಕುವುದರಲ್ಲಿ ಅವಳ ತಾಯಿಯದು ದೊಡ್ಡ ಹೆಸರಂತೆ. ಆ ಕೈಗುಣ ಮಗಳಿಗೂ ಬಂದಿದೆ ಎಂದು ಈ ಊರಿನವರೂ ಒಪ್ಪುತ್ತಿದ್ದರು, ಹಂದಿ ಸಾಕುವವರೆಗೆ. ಮೊದಲು ಅವಳ ಹಂದಿಗಳು ಹಳ್ಳದ ದಂಡೆಯಲ್ಲಿ ಮೇಯ್ದು, ಮಣ್ಣು ಕೆದರಿ, ಬೇರು ತಿಂದು ಸಂಜೆ ಮನೆಗೆ ಬರುತ್ತಿದ್ದವು. ಊರಿನವರು ತಕರಾರು ಎತ್ತಿದ ಮೇಲೆ ಗೋಡೆ ಕಟ್ಟಿಸಿ, ಸಿಮೆಂಟಿನ ನೆಲ ಹಾಕಿಸಿ ಎಲ್ಲವನ್ನೂ ಒಳಗೆ ಕೂಡಿದ್ದಳು. ಗೋವಿನಜೋಳದ ಹಿಟ್ಟು, ಶೇಂಗಾ ಹಿಂಡಿ, ಒಂದಿಷ್ಟು ತೌಡು ಅವುಗಳ ಊಟ. ಗೋಡೆಯೊಳಗೆ ಹೋದ ಮೇಲೆಯೇ ಚರ್ಮ ಕೆಟ್ಟದ್ದು.

ಹೊಟ್ಟೆಯ ಕೆಳಗೆ, ತೊಡೆಯ ಒಳಭಾಗದಲ್ಲಿ ಕೆಂಪು ಗುಳ್ಳೆಗಳಿಂದ ಶುರುವಾಗಿ ಕಾಲು, ಕಿವಿ, ಬಾಲದವರೆಗೆ ಕಂದು ಹೊಪ್ಪಳೆ ಕಟ್ಟಿತ್ತು. ಮೊಣಕಾಲಿನ ಹತ್ತಿರ ಹೊಪ್ಪಳೆ ಬಿರುಕು ಬಿಟ್ಟಿತ್ತು, ಬೇಸಿಗೆಯ ಎರೆಹೊಲದ ಹಾಗೆ. ಬಿರುಕಿನಿಂದ ರಕ್ತ ಬರುತ್ತಿತ್ತು. ಹಂದಿಗೆ ಕಜ್ಜಿ ಹುಳು ಹತ್ತಿದರೆ ಹೀಗೆಯೇ ಕಾಣುತ್ತದೆ. ಕೆರೆದು ತಂದದ್ದನ್ನು ದವಾಖಾನೆಯಲ್ಲಿ ಕಾಸ್ಟಿಕ್ ದ್ರಾವಣದಲ್ಲಿ ಕುದಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಂದು ಹುಳುವೂ ಸಿಗಲಿಲ್ಲ. ಕಜ್ಜಿ ಇದ್ದಾಗಲೂ ಎಷ್ಟೋ ಸಲ ಹುಳು ಕಾಣುವುದಿಲ್ಲ. ಹಾಗಾಗಿ ಐವರ್ಮೆಕ್ಟಿನ್ ಚುಚ್ಚಿದೆ. ಕಣ್ಣೆದುರು ಕಜ್ಜಿ ಇದೆ, ಕೈಯಲ್ಲಿ ಕಜ್ಜಿಯ ಔಷಧ ಇದೆ, ಯಾವ ಡಾಕ್ಟರಾದರೂ ಅದನ್ನೇ ಮಾಡುತ್ತಿದ್ದ.

‘ಅಕ್ಕಾರ, ಕಜ್ಜಿ ಅಂತೀರಿ, ಆದ್ರ ಇವು ಕೆರಕೊಳ್ಳೂದ ಇಲ್ರಿ’ ಎಂದಳು ಅವಳು.

‘ಕೆರಕೋತಾವು. ನೀ ನೋಡಿರಂಗಿಲ್ಲ’ ಎಂದು ನಾನು ಗಾಡಿ ಹತ್ತಿದೆ.

ಎರಡನೆಯ ಸುತ್ತಿನ ಇಂಜೆಕ್ಷನ್ನಿಗೆ ಹೋದಾಗ ಹೊಪ್ಪಳೆ ಬೆನ್ನಿನ ಮೇಲೂ ಹರಡಿತ್ತು. ಅಂದು ಬೀಜದ ಹಂದಿಯನ್ನು ಹಿಡಿಯಬೇಕಿತ್ತು. ನಮ್ಮ ದವಾಖಾನೆಯ ಸಹಾಯಕರು ನಿವೃತ್ತಿಯ ಹೊಸ್ತಿಲಲ್ಲಿದ್ದವರು, ಕುಣಿಕೆ ಹಾಕುವುದರಲ್ಲಿ ಪಳಗಿದ ಕೈ. ಆದರೆ ದವಡೆಯ ಸುತ್ತಲಿನ ಹೊಪ್ಪಳೆಯ ಮೇಲೆ ಹಗ್ಗ ಜಾರಿತು. ಗಂಡು ಹಂದಿ ತಲೆ ಒಮ್ಮೆ ಪಕ್ಕಕ್ಕೆ ಎಸೆಯಿತು, ಅಷ್ಟೇ. ಕೋರೆಹಲ್ಲು ಸಹಾಯಕರ ಮೀನಖಂಡವನ್ನು ಸೀಳಿ ಹಾಕಿತು. ಅವರು ಗೋಡೆಗೆ ಒರಗಿ ಕುಳಿತು ಕಾಲನ್ನು ಎರಡೂ ಕೈಯಿಂದ ಮುಚ್ಚಿಕೊಂಡರು. ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಗಂಡ ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ಹಂದಿಯ ಬೆನ್ನಿಗೆ ಬಾರಿಸತೊಡಗಿದ. ಒಂದೊಂದು ಹೊಡೆತಕ್ಕೂ ಹೊಪ್ಪಳೆ ಕಿತ್ತು ಹಾರುತ್ತಿತ್ತು. ನಾನು ಸಹಾಯಕರ ಕಾಲಿಗೆ ಬಟ್ಟೆ ಬಿಗಿಯುತ್ತ ‘ಬಿಡೋ, ಬಿಡೋ’ ಎಂದು ಕಿರುಚಿದೆ. ಅವನು ಬಿಡಲಿಲ್ಲ. ಕೊನೆಗೆ ಅವಳೇ ಹಂದಿಗೂ ಹಾರೆಗೂ ನಡುವೆ ಹೋಗಿ ನಿಂತಳು.

ಸಹಾಯಕರಿಗೆ ರೋಣದ ಸರಕಾರಿ ಆಸ್ಪತ್ರೆಯಲ್ಲಿ ಹೊಲಿಗೆ ಬಿತ್ತು. ‘ಹಂದಿ ಕೆಲಸ ಸಾಕ್ರಿ ಮೇಡಂರ’ ಎಂದರು. ಅವರನ್ನು ಮತ್ತೆ ಕರೆಯಲಿಲ್ಲ.

ಅದೇ ವಾರ ಎಮ್ಮೆಯ ಯಜಮಾನರ ಕರುವಿನ ಮುಖದ ಮೇಲೆ ದುಂಡಗೆ ಬಿಳಿ ಪಟ್ಟಿ ಎದ್ದಿತು. ನೋಡಿದೆ. ಹುಳಕಡ್ಡಿ. ಕತ್ತಲೆಯ ಕೊಟ್ಟಿಗೆಯಲ್ಲಿ ಕಟ್ಟಿದ ಕರುಗಳಿಗೆ ಬರುವ ಬೂಷ್ಟಿನ ಕಾಯಿಲೆ, ಹಂದಿಯ ಹೊಪ್ಪಳೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿ ಮುಲಾಮು ಕೊಟ್ಟೆ. ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆಗೂ ಇರುತ್ತಾರೆ. ಹಂದಿಯ ರೋಗ ಎಮ್ಮೆಗೆ ಹತ್ತಿತು, ಇನ್ನು ಮಕ್ಕಳಿಗೂ ಹತ್ತುತ್ತದೆ ಎಂದು ಸಂಜೆಯೊಳಗೆ ಊರೆಲ್ಲ ಮಾತಾಯಿತು.

ಮರುದಿನ ಮುಂಜಾನೆ ಅವಳ ಫೋನು ಬಂತು. ಅಳು ಇರಲಿಲ್ಲ. ‘ಅಕ್ಕಾರ, ಒಂದನ್ನ ಹೊಡದ ಹಾಕ್ಯಾರ. ಬರ್ತೀರೇನು?’ ಎಂದಳು.

ನಾನು ಹೋಗುವ ಹೊತ್ತಿಗೆ ಹೆಣ ಎಮ್ಮೆಯ ಯಜಮಾನರ ಕಣದ ಅಂಚಿನಲ್ಲಿ ಬಿದ್ದಿತ್ತು. ಮೇವು ಹಾಕುವ ಹೊತ್ತಿನಲ್ಲಿ ಪ್ರಾಯದ ಹೆಣ್ಣು ಹಂದಿಯೊಂದು ಬಾಗಿಲ ಸಂದಿಯಿಂದ ಹೊರಬಿದ್ದು ಅಲ್ಲಿಗೆ ಓಡಿತ್ತು. ಯಜಮಾನರು, ಅವರ ತಮ್ಮಂದಿರು, ಜೊತೆಗೆ ಓಣಿಯ ಇನ್ನಷ್ಟು ಗಂಡಸರು ಸುತ್ತುಗಟ್ಟಿ ಬಡಿಗೆ, ಸಲಿಕೆ, ಹಾರೆಗಳಿಂದ ಹೊಡೆದಿದ್ದರು. ತಲೆಯ ಒಂದು ಕಡೆ ಒಳಗೆ ಕುಸಿದಿತ್ತು. ಹಿಂಗಾಲು ಎರಡೂ ಮುರಿದಿದ್ದವು. ಮೊದಲು ಕಾಲು ಮುರಿದು, ಆಮೇಲೆ ತಲೆಗೆ ಹೊಡೆದಿದ್ದಾರೆ ಎಂದು ಗಾಯ ನೋಡಿದರೆ ತಿಳಿಯುತ್ತಿತ್ತು.

‘ಪೊಲೀಸರಿಗೆ ಹೇಳೂಣೇನು?’ ಎಂದು ಅವಳನ್ನು ಕೇಳಿದೆ.

‘ನಾಳಿ ಇವರ ಜೋಡೀನ ನೀರ ಹಿಡೀಬೇಕಲ್ರಿ ಅಕ್ಕಾರ, ಓಣಿಗೆಲ್ಲಾ ನಳ ಒಂದ ಐತಿ’ ಎಂದಳು.

ಹಾಗಾದರೆ ಹೆಣವನ್ನಾದರೂ ಕೊಯ್ದು ನೋಡುತ್ತೇನೆ ಎಂದೆ. ಅವಳ ಅಂಗಳಕ್ಕೆ ಎಳೆದು ತಂದು, ಕೈಗವಸು ಹಾಕಿಕೊಂಡು ಶುರು ಮಾಡಿದೆ. ಹೊಡೆದವರೂ ಬಂದು ಗೋಡೆಗೆ ಒರಗಿ ನಿಂತರು. ಮೊದಲು ಹೊಪ್ಪಳೆಯ ಒಂದು ತುಂಡನ್ನು ಚರ್ಮದ ಸಮೇತ ಕತ್ತರಿಸಿದೆ. ಬೆರಳಿನಷ್ಟು ದಪ್ಪ, ಒಣಗಿದ ಗಂಧದ ಚಕ್ಕೆಯಂತೆ ಪದರ ಪದರ. ಕೀವಿಲ್ಲ, ಹುಳುವಿಲ್ಲ. ರೋಗ ಮೇಲ್ಪದರದಲ್ಲೇ ಇತ್ತು, ಒಳಗಿನ ಚರ್ಮ ಗಟ್ಟಿಯಾಗಿತ್ತು. ಬಲಗಾಲಿನಲ್ಲಿ ಎಲ್ಲೆಲ್ಲಿ ಹೊಪ್ಪಳೆಯಿತ್ತೋ ಎಡಗಾಲಿನಲ್ಲೂ ಅಲ್ಲಲ್ಲೇ ಇತ್ತು. ಹುಳು ಹೀಗೆ ಅಳತೆ ಮಾಡಿ ಹತ್ತುವುದಿಲ್ಲ. ಯಕೃತ್ತು, ಶ್ವಾಸಕೋಶ ಸ್ವಚ್ಛ. ಎಲುಬು ಮಾತ್ರ ಕಲ್ಲಿನ ಹಾಗೆ. ಕೊನೆಗೆ ಜಠರ ಸೀಳಿದೆ. ಆಗಷ್ಟೇ ತಿಂದ ಗೋವಿನಜೋಳದ ಹಿಟ್ಟಿನ ನಡುವೆ ಬೆಳ್ಳನೆಯ ಗಸಿ ಉಂಡೆಗಟ್ಟಿತ್ತು. ಬೆರಳಲ್ಲಿ ತಿಕ್ಕಿದೆ. ಸುಣ್ಣ.

ಎದ್ದು ಹೋಗಿ ಮೇವಿನ ದೋಣಿ ನೋಡಿದೆ. ತಳದಲ್ಲಿ ಬಿಳಿಯ ಪದರ ಕೂತಿತ್ತು. ಪಕ್ಕದಲ್ಲಿ ಸುಣ್ಣದ ದೊಡ್ಡ ಗಡಿಗೆ, ಅದರಲ್ಲೊಂದು ಕಲಸುವ ಕೋಲು.

ನಮ್ಮ ಕಡೆ ಈದ ಎಮ್ಮೆಗೆ ಸುಣ್ಣದ ತಿಳಿನೀರು ಕುಡಿಸುವುದು ಹೊಸದೇನಲ್ಲ. ಸುಣ್ಣ ಕರಗಿಸಿಟ್ಟು, ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಟ್ಟಲಿನಲ್ಲಿ ಬಗ್ಗಿಸಿ ಮುಸುರೆಗೆ ಬೆರೆಸುತ್ತಾರೆ. ಹಾಲು ಹಿಂಡುವ ಪ್ರಾಣಿಗೆ ಅದರಿಂದ ಕೆಡುಕಿಲ್ಲ.

‘ಹಂದಿಗೂ ತಿಳಿ ಕುಡಸ್ತಿ?’ ಎಂದು ಕೇಳಿದೆ.

ಅವಳ ಮುಖದಲ್ಲಿ ಆ ದಿನ ಮೊದಲ ಬಾರಿ ಗೆಲುವು ಕಂಡಿತು. ‘ತಿಳಿ ಎಲ್ಲಿ ಸಾಕಾಗತೈತ್ರಿ ಅಕ್ಕಾರ? ಎಮ್ಮಿ ಒಂದ ಕರ ಹಾಕತೈತಿ, ಅದಕ್ಕ ಬಟ್ಟಲ ತಿಳಿ ಸಾಕು. ಹಂದಿ ಹತ್ತ ಮರಿ ಹಾಕತೈತಿ. ಗಸೀನ ಕಲಸಿ ಹಾಕ್ತೀನ್ರಿ. ಕಸುವೆಲ್ಲಾ ಗಸಿಯಾಗ ಇರತೈತಿ. ಎಲುಬ ನೋಡಿದ್ರಲ್ಲಾ, ಹ್ಯಾಂಗ ಅದಾವು.’

‘ಚರ್ಮ ಕೆಟ್ಟ ಮ್ಯಾಲೂ ಹಾಕಿದಿ?’

‘ಸೊರಗ್ಯಾವು ಅಂತ ಇನ್ನಷ್ಟ ಹೆಚ್ಚ ಹಾಕಿದ್ನಿ.’

ಎಲ್ಲವೂ ಒಂದೇ ಸಲ ತಾಳೆಯಾಯಿತು. ಚರ್ಮದ ಹಳೆಯ ಪದರ ಹದವಾಗಿ ಉದುರಿ ಹೊಸದು ಬರಬೇಕಾದರೆ ಹಂದಿಗೆ ಸತು ಬೇಕು, ಅಂಗಡಿಯವರು ಜಿಂಕ್ ಅನ್ನುತ್ತಾರಲ್ಲ, ಅದೇ. ಗೋವಿನಜೋಳದಲ್ಲಿ, ಹಿಂಡಿಯಲ್ಲಿ ಅದು ಇರುವುದೇ ಸ್ವಲ್ಪ. ಸುಣ್ಣ ಹೆಚ್ಚಾದರೆ ಅದು ಕಾಳಿನಲ್ಲಿರುವ ಇನ್ನೊಂದು ಪದಾರ್ಥದ ಜೊತೆ ಸೇರಿ ಆ ಸ್ವಲ್ಪ ಸತುವನ್ನೂ ಕರುಳಿನಲ್ಲೇ ಕಟ್ಟಿಹಾಕುತ್ತದೆ. ಸತು ಮೈಗೆ ಹತ್ತದೆ ಮಲದಲ್ಲಿ ಹೋಗುತ್ತದೆ. ಹಳ್ಳದ ದಂಡೆಯಲ್ಲಿ ಮಣ್ಣು, ಹಸಿರು ತಿನ್ನುತ್ತಿದ್ದಾಗ ಹೇಗೋ ಸರಿದೂಗುತ್ತಿತ್ತು. ಗೋಡೆಯೊಳಗೆ ಅದೂ ತಪ್ಪಿತು.

ನಾನು ಸುತ್ತಿ ಬಳಸಿ ಹೇಳುವವಳಲ್ಲ. ‘ರೋಗ ಎಲ್ಲಿಂದನೂ ಬಂದಿಲ್ಲ. ಈ ಗಡಿಗ್ಯಾಗಿಂದ ಬಂದೈತಿ’ ಎಂದುಬಿಟ್ಟೆ.

ಅವಳು ಅರ್ಥವಾಗದೆ ನನ್ನನ್ನೇ ನೋಡಿದಳು. ಗಂಡನಿಗೆ ಅವಳಿಗಿಂತ ಮೊದಲು ಅರ್ಥವಾಯಿತು. ಗಡಿಗೆಯ ಕೋಲು ಕಿತ್ತುಕೊಂಡು ‘ಮನಿ ತಿಂದಿ. ಊರ ಮುಂದ ಮಾನಾ ಕಳದಿ’ ಎನ್ನುತ್ತ ಅವಳ ಹಣೆಗೆ ಬಾರಿಸಿದ. ಇನ್ನೊಂದು, ಕಿವಿಯ ಮೇಲೆ. ಅವಳು ಕೂತುಬಿಟ್ಟಳು. ಹಣೆಯ ರಕ್ತ, ಕೋಲಿನ ಸುಣ್ಣ ಎರಡೂ ಕಣ್ಣಿಗೆ ಇಳಿದವು.

ಗೋಡೆಗೆ ಒರಗಿದ್ದವರು ಒಬ್ಬರೂ ಅಲುಗಲಿಲ್ಲ. ಮೂರನೆಯದಕ್ಕೆ ಅವನು ಕೈ ಎತ್ತುವಷ್ಟರಲ್ಲಿ ನಾನು ಅವನ ಕೆನ್ನೆಗೆ ಬಿಟ್ಟೆ. ಹೆಣ ಕೊಯ್ದ ಕೈಗವಸು ಇನ್ನೂ ಕೈಯಲ್ಲೇ ಇತ್ತು. ಹಂದಿಯ ರಕ್ತ ಅವನ ಮುಖದ ಮೇಲೆ ಐದು ಬೆರಳು ಮೂಡಿಸಿತು. ನನಗೆ ನಾಚಿಕೆಯಾಗಲಿಲ್ಲ, ಈಗಲೂ ಇಲ್ಲ.

‘ಗಂಡ ಹೆಂಡ್ತಿ ನಡುವ ನೀವ್ಯಾಕ್ರಿ ಮೇಡಂರ’ ಎಂದರು ಎಮ್ಮೆಯ ಯಜಮಾನರು.

‘ಬಾಯಿ ಮುಚ್ಚಕೊಂಡ ನೀರ ತರ್ರಿ’ ಎಂದೆ. ಆಶ್ಚರ್ಯವೆಂದರೆ, ತಂದರು.

ಸುಣ್ಣ ಬಿದ್ದ ಕಣ್ಣಿಗೆ ತಡ ಮಾಡುವಂತಿಲ್ಲ. ರೆಪ್ಪೆ ಬಿಡಿಸಿ ಹಿಡಿದು ಕೊಡಗಟ್ಟಲೆ ನೀರು ಸುರಿದೆ, ಮೇಲೆ ನನ್ನ ಗಾಡಿಯಲ್ಲಿದ್ದ ದನಗಳ ಸಲೈನ್ ಬಾಟಲಿಗಳನ್ನೂ ಖಾಲಿ ಮಾಡಿದೆ. ಅವಳು ನನ್ನ ಮೊಣಕೈ ಹಿಡಿದಿದ್ದಳು. ಉಗುರು ಒಳಗೆ ಇಳಿದಿದ್ದವು.

ಹಿಂದಿನಿಂದ ಯಜಮಾನರ ದನಿ ಬಂತು. ‘ಆತು, ಅಕಿ ಕಣ್ಣ ತೊಳೀರಿ. ಆಮ್ಯಾಲೆ ಇದು ಅಂಟೂ ರೋಗ ಅಂತ ಒಂದ ಚೀಟಿ ಬರಕೊಡ್ರಿ. ಉಳದವನ್ನ ಇವತ್ತ ಮುಗಸ್ತೀವಿ.’

ಬರೆದುಕೊಟ್ಟಿದ್ದರೆ ನಾನು ಆ ಊರಿನಿಂದ ಸಲೀಸಾಗಿ ಹೊರಬರಬಹುದಿತ್ತು. ಗಾಯಗೊಂಡ ಸಹಾಯಕ, ಊರಿನ ಸಿಟ್ಟು, ಹೆಂಡತಿಗೆ ಹೊಡೆಯುವ ಗಂಡ, ಎಲ್ಲದಕ್ಕೂ ಅಲ್ಲಿಗೆ ತೆರೆ ಬೀಳುತ್ತಿತ್ತು. ಬಾಣಂತಿ ಹಂದಿಯ ಕೊಠಡಿಗೆ ಹೋಗಿ ಹಾಲು ಕುಡಿಯುತ್ತಿದ್ದ ಮರಿಯೊಂದನ್ನು ಹಿಂಗಾಲು ಹಿಡಿದು ಎತ್ತಿ ತಂದೆ. ಅದು ಕಿವಿ ಹರಿಯುವಂತೆ ಕೂಗುತ್ತಿತ್ತು.

‘ಇದರ ಮೈ ನೋಡ್ರಿ. ಒಂದ ಗುಳ್ಳಿ ಐತೇನು? ಅಂಟೂ ರೋಗ ಆಗಿದ್ರ ಮೊದಲ ಇದಕ್ಕ ಬರಬೇಕಿತ್ತು. ರೋಗದ ತಾಯಿ ಮೈಮ್ಯಾಲೆ ಬಿದ್ದ ಹಾಲ ಕುಡೀತೈತಿ. ದೋಣ್ಯಾಗಿಂದ ತಿಂದವಕ್ಕಷ್ಟ ಬಂದೈತಿ. ನಾ ಚೀಟಿ ಬರಿಯೂದಿಲ್ಲ. ಅಮಾಸಿ ತನಕಾ ಬಿಡ್ರಿ.’

‘ಅಮಾಸಿಗೆ ವಾಸಿ ಆಗಲಿಲ್ಲಂದ್ರ?’

‘ನಾನ ಬಂದ ಚುಚ್ಚಿ ಕೊಲ್ತೀನಿ. ನೀವು ಹಾರಿ ತರೂದು ಬ್ಯಾಡ.’

ಬಟ್ಟೆ ಕಟ್ಟಿದ ಕಣ್ಣಿನ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳನ್ನು ಅದೇ ಗಾಡಿಯಲ್ಲಿ ಕೂರಿಸಿಕೊಂಡು ಗದಗಿನ ಕಣ್ಣಿನ ಡಾಕ್ಟರ ಬಳಿಗೆ ಹೋದೆ. ಕಣ್ಣು ಉಳಿಯಿತು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು. ‘ನನ್ನ ಕೈಲೇ ಕೆಟ್ಟುವೇನ್ರಿ?’

‘ಹೂಂ. ನಿನ್ನ ಕೈಲೇ ವಾಸಿ ಆಗಬೇಕು’ ಎಂದೆ. ಸಮಾಧಾನದ ಮಾತು ನನಗೆ ಬರುವುದಿಲ್ಲ.

ಜಿಂಕ್ ಸಲ್ಫೇಟ್ ರೋಣದ ಗೊಬ್ಬರದ ಅಂಗಡಿಗಳಲ್ಲಿ ಚೀಲಗಟ್ಟಲೆ ಸಿಗುತ್ತದೆ. ಹೊಲಕ್ಕೆ ಹಾಕುವುದದು, ಅದರಲ್ಲಿ ಸೀಸದಂಥ ಕಲ್ಮಶ ಇರಬಹುದು, ಪ್ರಾಣಿಯ ಹೊಟ್ಟೆಗೆ ಸಲ್ಲ. ಮೇವಿಗೆಂದೇ ಶುದ್ಧ ಮಾಡಿದ್ದನ್ನು ಹುಬ್ಬಳ್ಳಿಯಿಂದ ತರಿಸಿದೆ. ಕ್ವಿಂಟಲ್ ಹಿಟ್ಟಿಗೆ ಅದು ಒಂದು ಹಿಡಿ ತುಂಬಿದರೆ ಹೆಚ್ಚು. ಅಷ್ಟು ಹಿಟ್ಟಿನಲ್ಲಿ ಅಷ್ಟೇ ಪುಡಿ ಸಮನಾಗಿ ಬೆರೆಯಬೇಕಲ್ಲ? ಮೊದಲು ಪುಡಿಯನ್ನು ಒಂದು ಬೊಗಸೆ ಹಿಟ್ಟಿಗೆ, ಅದನ್ನು ಬುಟ್ಟಿ ಹಿಟ್ಟಿಗೆ, ಬುಟ್ಟಿಯನ್ನು ರಾಶಿಗೆ ಬೆರೆಸುವುದನ್ನು ತೋರಿಸಿಕೊಟ್ಟೆ. ಎಲ್ಲಿಯಾದರೂ ಗುಂಪಾಗಿ ಉಳಿದರೆ ಅದೇ ವಿಷವಾಗುತ್ತದೆ ಎಂದೂ ಹೆದರಿಸಿದೆ. ಸುಣ್ಣ ಪೂರ್ತಿ ಬಂದ್. ದೋಣಿಯ ಬಿಳಿಯ ಪದರವನ್ನು ಅವಳು ಉಳಿಯಿಂದ ಕೆತ್ತಿ ತೆಗೆದಳು. ಗಡಿಗೆಯನ್ನು ತಾನೇ ಕಲ್ಲಿನ ಮೇಲೆ ಒಗೆದು ಒಡೆದಳು. ಒಣ ಹಿಟ್ಟಿನ ಬದಲು ನೀರು ಹಾಕಿ ನೆನೆಸಿದ್ದು, ದಿನಕ್ಕೊಂದು ಹೊರೆ ಹಸಿರು ಹುಲ್ಲು.

ಮೊದಮೊದಲು ಹಂದಿಗಳು ಒಗರು ಹಿಟ್ಟನ್ನು ಮೂಸಿ ದೋಣಿಯನ್ನೇ ಮಗುಚಿದವು. ಬೆಲ್ಲದ ನೀರು ಚಿಮುಕಿಸಿದ ಮೇಲೆ ತಿಂದವು. ನಂತರ ಇನ್ನೊಂದು ಪೀಡೆ. ಹೊಪ್ಪಳೆ ಅಂಚಿನಿಂದ ಎದ್ದು ಕಳಚತೊಡಗಿದಾಗ ಕೆಳಗಿನ ಮೈ ಹಸಿಹಸಿ ಕೆಂಪಾಗಿ ಕಾಣುತ್ತಿತ್ತು. ಗೋಡೆಯ ಆಚೆಯಿಂದ ನೋಡಿದವರಿಗೆ ಚರ್ಮ ಸುಲಿದು ಸಾಯುತ್ತಿವೆ ಅನ್ನಿಸಿತು. ಒಂದು ಮುಂಜಾನೆ ಹಂದಿ ಕೊಟ್ಟಿಗೆಯ ತಗಡಿನ ಮೇಲೆ ಕಲ್ಲುಗಳು ಬಿದ್ದವು. ಬಾಣಂತಿ ಹಂದಿ ಬೆದರಿ ತನ್ನ ಮರಿಯೊಂದನ್ನು ತುಳಿದು ಕೊಂದಿತು. ಅವಳು ಮರಿಯನ್ನು ಹೂತು, ಕೈ ತೊಳೆದು, ಹಿಟ್ಟು ಕಲಸಲು ಕೂತಳಂತೆ. ಗಂಡನ ಜೊತೆ ಅವಳು ಮಾತು ಬಿಟ್ಟಿದ್ದಳು. ಅವನು ಕೊಟ್ಟಿಗೆಯ ಬಾಗಿಲಿಗೆ ಬಂದರೆ ಬೆನ್ನು ತಿರುಗಿಸುತ್ತಿದ್ದಳು.

ಅಮಾವಾಸ್ಯೆಯ ದಿನ ಔಷಧದ ಪೆಟ್ಟಿಗೆಯಲ್ಲಿ ಕೊಲ್ಲುವ ಔಷಧವನ್ನೂ ಇಟ್ಟುಕೊಂಡೇ ಹೋದೆ. ಮಾತು ಮಾತೇ. ಅವರೂ ಬಂದಿದ್ದರು, ಬೇಡ ಎಂದಿದ್ದರೂ ಹಾರೆಗಳ ಸಮೇತ. ಅವಳು ನನ್ನನ್ನೂ ಅವರನ್ನೂ ನೋಡಲಿಲ್ಲ. ಒಳಗೆ ಹೋಗಿ, ಕುಣಿಕೆ ಹಗ್ಗ ಯಾವುದೂ ಇಲ್ಲದೆ, ಆ ಗಂಡು ಹಂದಿಯ ಹೊಟ್ಟೆ ತುರಿಸುತ್ತ ಕೂತಳು. ಅದು ಮಗ್ಗುಲಾಯಿತು. ಬೆನ್ನಿನ ಮೇಲೆ ಉಳಿದಿದ್ದ ಹೊಪ್ಪಳೆಯ ತುಂಡನ್ನು ಎಳೆದಳು. ಸಿಪ್ಪೆಯ ಹಾಗೆ ಬಂತು. ಕೆಳಗೆ ಒಣಗಿದ, ನಸುಗೆಂಪಿನ ಹೊಸ ಚರ್ಮ, ಅದರ ಮೇಲೆ ಚಿಗುರುತ್ತಿದ್ದ ಕೂದಲು. ಉಳಿದವುಗಳ ಮೈಯೂ ಹಾಗೆಯೇ ತಿಳಿಯಾಗಿತ್ತು.

‘ಏನ ಕೊಟ್ರಿ ಇದಕ್ಕ?’ ಎಂದರು ಯಜಮಾನರು.

‘ನಿಮ್ಮ ಗೋವಿನಜೋಳದ ಸುಳಿ ಬೆಳ್ಳಗಾದಾಗ ಹೊಲಕ್ಕ ಏನ ಹಾಕ್ತೀರಿ?’

‘ಜಿಂಕ್.’

‘ಅದನ್ನ.’

ಅವರು ಹಾರೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಹೊಲದ ಮಾತಾದ್ದರಿಂದ ಅರ್ಥವಾಯಿತು ಎಂದು ತೋರುತ್ತದೆ. ಒಬ್ಬೊಬ್ಬರಾಗಿ ಹೊರಟುಹೋದರು.

ಕೆಲವು ದಿನಗಳ ನಂತರ ಅವಳು ಮತ್ತೆ ಕರೆದಳು. ಹಂದಿ ಸಾಗಿಸಲು ಆರೋಗ್ಯದ ಪ್ರಮಾಣಪತ್ರ ಬೇಕಂತೆ. ಹೋದಾಗ ಮನೆಯ ಮುಂದೆ ಸಣ್ಣ ಸಾಮಾನಿನ ಗಾಡಿ ನಿಂತಿತ್ತು. ತವರಿನಿಂದ ತಮ್ಮ ತಂದಿದ್ದ. ಹಂದಿಗಳು ಆಗಲೇ ಒಳಗಿದ್ದವು, ಒಂದರ ಮೈಮೇಲೂ ಕಲೆಯಿಲ್ಲ. ಜೊತೆಗೆ ಒಂದು ಟ್ರಂಕು, ಹಾಸಿಗೆಯ ಸುರುಳಿ. ಅವಳ ಹಣೆಯ ಗಾಯ ಮಾತ್ರ ಉಬ್ಬಿ ಗೆರೆಯಾಗಿ ಉಳಿದಿತ್ತು. ಗಂಡ ಹೊಸ್ತಿಲ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ.

ಎಮ್ಮೆಯ ಯಜಮಾನರು ಗೋಡೆಯ ಆಚೆಯಿಂದ ಮೆತ್ತಗೆ ಕೇಳಿದರು. ‘ಅಲ್ಲ ತಂಗಿ, ಎಲ್ಲಾ ವಾಸಿ ಆದುವಲ್ಲ. ಇನ್ಯಾರೂ ಏನೂ ಅನ್ನೂದಿಲ್ಲ. ಈಗ್ಯಾಕ ಹೊಂಟಿ?’

‘ರೋಗ ಇದ್ದಾಗ ಹೋಗಿದ್ರ ಓಡಿ ಹ್ವಾದ್ಲು ಅಂತಿದ್ರಿ. ವಾಸಿ ಆಗೂ ತನಕಾ ನಿಂತಿದ್ದೆ’ ಎಂದಳು.

ನಾನು ಗಾಡಿಯ ಮೂತಿಯ ಮೇಲೆ ಕಾಗದವಿಟ್ಟು ಸಹಿ ಹಾಕಿದೆ. ಅವಳು ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, ಮುಂದಿನ ಸೀಟು ಖಾಲಿಯಿದ್ದರೂ ಹಿಂದೆ ಹಂದಿಗಳ ನಡುವೆ ಹತ್ತಿ ಕೂತಳು. ಗಂಡ ಎದ್ದು ಬಂದು ಹಿಂದಿನ ಬಾಗಿಲಿನ ಕೊಂಡಿ ಹಾಕಲು ಕೈ ಚಾಚಿದ. ಅವಳು ಅವನ ಕೈ ಸರಿಸಿ ಒಳಗಿನಿಂದ ತಾನೇ ಕೊಂಡಿ ಹಾಕಿಕೊಂಡಳು.